ಅಡಿಕೆಯ ಬೇರುಹುಳಕ್ಕೆ ಮೆಟಾರೈಜಿಯಮ್: ಹೋದ ವರ್ಷ ಕೈಕೊಟ್ಟಿತು, ಈ ವರ್ಷ ಮತ್ತೆ ಹಾಕಬಹುದೇ?

ಶರಾವತಿ ಸೀಮೆ (ಮೇ 19)

ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿರುವ ಮೂರು ಎಕರೆ ಅಡಿಕೆ ತೋಟ. ಕೆಳಭಾಗದ ಸುಮಾರು ಇನ್ನೂರು ಮರಗಳು ಮೂರು ವರ್ಷಗಳಿಂದ ಸೊರಗುತ್ತಿವೆ. ಸೋಗೆ ಹಳದಿಯಾಗಿ, ಮಂಡೆ ಸಣ್ಣಗಾಗಿ, ಕೈಯಿಂದ ನೂಕಿದರೆ ಮರ ಬುಡದಲ್ಲೇ ಅಲ್ಲಾಡುತ್ತದೆ. ಬುಡ ಬಿಡಿಸಿದಾಗ ಬಿಳಿಯ ಗೊಣ್ಣೆಹುಳುಗಳು ಸಿಕ್ಕಿದ್ದರಿಂದ, ಹೋದ ಅಕ್ಟೋಬರ್‌ನಲ್ಲಿ ಪೇಟೆಯ ಅಂಗಡಿಯಿಂದ, ಹುಳಕ್ಕೆ ರೋಗ ತಂದು ಕೊಲ್ಲುವ ಮೆಟಾರೈಜಿಯಮ್ ಎಂಬ ಶಿಲೀಂಧ್ರದ (ಬೂಷ್ಟಿನ) ಪುಡಿ ತಂದು, ನೀರಿನಲ್ಲಿ ಕದಡಿ, ಮರವೊಂದಕ್ಕೆ ಎರಡು ಲೀಟರಿನಂತೆ ಹೊಯ್ದೆವು. ಡಿಸೆಂಬರ್‌ನಲ್ಲಿ ಅಡಿಕೆಗೊನೆಯ ಕೊಯ್ಲಿನ ನಡುವೆ ಮತ್ತೆ ಬಿಡಿಸಿ ನೋಡಿದರೆ ಹುಳುಗಳು ಮೊದಲಿಗಿಂತ ದಪ್ಪಗಾಗಿ ನೆಮ್ಮದಿಯಿಂದ ಮಲಗಿದ್ದವು.

ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅರವತ್ತು ಮಳೆಗಾಲ ಹೊಡೆಸಿರುವ ನನ್ನ ತಂದೆಯವರು, "ಬೂಷ್ಟು ಬಾರದಿರಲಿ ಎಂದು ಮರದ ತುದಿಗೆ ಔಷಧಿ ಹೊಡೆಸುವವರು, ದುಡ್ಡು ಕೊಟ್ಟು ಬೂಷ್ಟು ತಂದು ಬುಡಕ್ಕೆ ಹಾಕುವುದೇ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಳೆಗಾಲ ಹತ್ತಿರ ಬಂದಿದೆ. ಇದನ್ನು ಬಿಟ್ಟು ಕೀಟನಾಶಕಕ್ಕೆ ಹೋಗಬೇಕೋ, ಇನ್ನೊಮ್ಮೆ ಪ್ರಯತ್ನಿಸಬೇಕೋ, ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ವರದಾ ತೀರ

ಶರಾವತಿಯವರೇ, ಪುಡಿಯ ಮೇಲೆ ತೀರ್ಪು ಕೊಡುವ ಮೊದಲು ನೀವು ಅದನ್ನು ಹಾಕಿದ ತಿಂಗಳನ್ನು ನೋಡೋಣ. ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುವ ಬೇರುಹುಳ ಮುಖ್ಯವಾಗಿ ಲ್ಯೂಕೋಫೋಲಿಸ್ ಲೆಪಿಡೋಫೋರಾ ಎಂಬ ದುಂಬಿಯ ಮರಿ. ಮುಂಗಾರಿಗೆ ಮೊದಲಿನ ಒಂದೆರಡು ಒಳ್ಳೆಯ ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ, ದುಂಬಿಗಳು ಮುಸ್ಸಂಜೆಯಲ್ಲಿ ಸ್ವಲ್ಪವೇ ಹೊತ್ತು ಹೊರಬಂದು, ಜೋಡಿಯಾಗಿ, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ನಮ್ಮ ಕಡೆ ಇದು ರೋಹಿಣಿ ಮತ್ತು ಮೃಗಶಿರ ಮಳೆಗಳ ಕಾಲ. ಮೊಟ್ಟೆಯೊಡೆದ ಮರಿ ಮೊದಮೊದಲು ಕೊಳೆತ ಸೊಪ್ಪು ಮತ್ತು ಎಳೆಯ ಬೇರನ್ನು ತಿನ್ನುತ್ತ, ಎರಡು ಸಲ ಪೊರೆ ಕಳಚಿ ಮೂರನೆಯ ಹಂತಕ್ಕೆ ಬಂದಾಗ ದೊಡ್ಡ ಬೇರುಗಳನ್ನು ಕತ್ತರಿಸುತ್ತದೆ. ನೀವು ಅಕ್ಟೋಬರ್‌ನಲ್ಲಿ ಪುಡಿ ಹೊಯ್ದದ್ದು ಈ ಮೂರನೆಯ ಹಂತದ, ಮೈತುಂಬ ಕೊಬ್ಬು ತುಂಬಿಕೊಂಡ ಹುಳಕ್ಕೆ. ಆ ಗಾತ್ರದ ಹುಳಕ್ಕೆ ರಾಸಾಯನಿಕವೂ ಸುಲಭವಾಗಿ ನಾಟುವುದಿಲ್ಲ, ಶಿಲೀಂಧ್ರದ ಮಾತಂತೂ ದೂರ.

ನಮ್ಮ ತೋಟದಲ್ಲಿ ನಾನು ಮಾಡುವುದು ಹೀಗೆ. ಎರಡು ಕಿಲೋ ಪುಡಿಯನ್ನು ಸುಮಾರು ಒಂದು ಕ್ವಿಂಟಾಲ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಒಸರಬಾರದು ಎನ್ನುವಷ್ಟು ತೇವ ಮಾಡಿ, ಕೊಟ್ಟಿಗೆಯ ನೆರಳಿನಲ್ಲಿ ಗೋಣಿಚೀಲ ಹೊದಿಸಿ ಹತ್ತು ಹದಿನೈದು ದಿನ ಇಡುತ್ತೇನೆ. ನಡುವೆ ಎರಡು ಸಲ ತಿರುವಿಹಾಕುವುದುಂಟು. ಆರ್ದ್ರಾ ಮಳೆಯ ಹೊತ್ತಿಗೆ ಅದನ್ನು ಬುಡಕ್ಕೆ ಹಾಕಿ, ಬೇರಿಗೆ ಪೆಟ್ಟಾಗದಂತೆ ಮೇಲುಮಣ್ಣಿನಲ್ಲಿ ಕೆದಕಿ, ಮೇಲೆ ಬೆಟ್ಟದ ಸೊಪ್ಪು ಮುಚ್ಚಿಸುತ್ತೇನೆ. ಬರಿಯ ನೀರಿನಲ್ಲಿ ಕದಡಿ ಹೊಯ್ದರೆ ಬೀಜಕಣಗಳು ಹೆಚ್ಚಾಗಿ ಮೇಲಿನ ಎರಡು ಅಂಗುಲ ಮಣ್ಣಿನಲ್ಲೇ ಸೋಸಿಕೊಂಡು ನಿಲ್ಲುತ್ತವೆ. ಹುಳ ಇರುವುದು ಅದಕ್ಕಿಂತ ಕೆಳಗೆ.

ಇನ್ನೊಂದು ಮಾತು. ಮೊದಲ ಮಳೆಯಾದ ಸಂಜೆ ಮನೆಮಂದಿಯೆಲ್ಲ ತೋಟಕ್ಕೆ ಹೋಗಿ ದುಂಬಿಗಳನ್ನು ಹಿಡಿದು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು ಇವತ್ತಿಗೂ ಬಹಳ ಅಗ್ಗದ ಉಪಾಯ. ಮೊಟ್ಟೆಯಿಡುವ ಮೊದಲು ಸಿಕ್ಕ ಒಂದು ಹೆಣ್ಣುದುಂಬಿ ಎಂದರೆ ಮುಂದಿನ ಹತ್ತಾರು ಹುಳ ಕಡಿಮೆಯಾದಂತೆ.

ಕೀಟಶಾಸ್ತ್ರ ಓದಿದವಳು

ವರದಾ ತೀರದ ಹಿರಿಯರು ಹೇಳಿದ ಕಾಲದ ಲೆಕ್ಕಕ್ಕೆ ಕಾರಣವೇನೆಂದು ಸ್ವಲ್ಪ ವಿವರಿಸುತ್ತೇನೆ. ಕೀಟನಾಶಕವಾಗಲಿ, ಬ್ಯಾಕ್ಟೀರಿಯಾದಿಂದ ತಯಾರಿಸಿದ ಬಿಟಿಯಾಗಲಿ, ಹೆಚ್ಚಿನವು ಹುಳದ ಹೊಟ್ಟೆಗೋ ನರಕ್ಕೋ ತಲುಪಬೇಕು. ಈ ಶಿಲೀಂಧ್ರಗಳನ್ನು ಹುಳ ತಿನ್ನಬೇಕಾಗಿಯೇ ಇಲ್ಲ. ಬೀಜಕಣವು ಹುಳದ ಮೈಗೆ ಅಂಟಿ, ತೇವಾಂಶ ಸಾಕಷ್ಟಿದ್ದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಮೊಳೆತು, ಚರ್ಮವನ್ನು ಕರಗಿಸುವ ಕಿಣ್ವಗಳನ್ನು ಸುರಿಸುತ್ತ, ಒತ್ತಡ ಹಾಕಿ ಒಳನುಗ್ಗುತ್ತದೆ. ಹುಳದ ಚರ್ಮದಲ್ಲಿರುವ ಪ್ರೋಟೀನು, ಕೊಬ್ಬು ಮತ್ತು ಕೈಟಿನ್ ಎಂಬ ಗಟ್ಟಿ ವಸ್ತು, ಈ ಮೂರನ್ನೂ ಕರಗಿಸುವ ಶಕ್ತಿ ಅದಕ್ಕಿದೆ. ಒಳಗೆ ಸೇರಿದ ಮೇಲೆ ಹುಳದ ರಕ್ತದಲ್ಲಿ ಮೊಗ್ಗೊಡೆದು ಹರಡಿ, ಮೆಟಾರೈಜಿಯಮ್ ಆದರೆ ಡೆಸ್ಟ್ರಕ್ಸಿನ್ ಎಂಬ ವಿಷವನ್ನೂ ಬಿಡುತ್ತದೆ. ಸಣ್ಣ ಹುಳ ವಾರದೊಳಗೆ ಸಾಯಬಹುದು. ಗೊಣ್ಣೆಹುಳದಂತಹ ದೊಡ್ಡದಕ್ಕೆ ವಾರಗಳೇ ಬೇಕು. ಸತ್ತ ಹುಳ ಕೊಳೆಯದೆ ಗಟ್ಟಿಯಾಗಿ, ತೇವವಿದ್ದರೆ ಮೈಮೇಲೆ ಮೊದಲು ಬಿಳಿಯ ಬೂಷ್ಟು ಬಂದು ಕ್ರಮೇಣ ಹಸಿರು ಪುಡಿಯಾಗುತ್ತದೆ. ಇಂತಹದೇ ಇನ್ನೊಂದು ಶಿಲೀಂಧ್ರವಾದ ಬ್ಯೂವೇರಿಯಾ ಆದರೆ ಕೊನೆಯವರೆಗೂ ಸುಣ್ಣ ಬಳಿದಂತೆ ಬಿಳಿಯಾಗಿಯೇ ಇರುತ್ತದೆ.

ಈಗ ಕಾಲದ ವಿಚಾರ. ಎಳೆಯ ಹುಳದ ಚರ್ಮ ತೆಳು, ಅದು ಓಡಾಡುವ ಜಾಗವೂ ಮೇಲ್ಪದರದ ಮಣ್ಣು. ಪೊರೆ ಕಳಚುವ ಹೊತ್ತಿಗೆ ಸರಿಯಾಗಿ ಅಂಟಿದ ಬೀಜಕಣಗಳು ಪೊರೆಯ ಜೊತೆಗೇ ಉದುರಿಹೋಗುವುದೂ ಉಂಟು, ಆದ್ದರಿಂದ ಒಂದೇ ದಿನ ಹೊಯ್ದು ಮುಗಿಸುವುದಕ್ಕಿಂತ ಶಿಲೀಂಧ್ರ ಬುಡದ ಗೊಬ್ಬರದಲ್ಲಿ ಬಹುಕಾಲ ಜೀವಂತವಾಗಿರುವಂತೆ ನೋಡಿಕೊಳ್ಳುವುದು ಮುಖ್ಯ. ಇದನ್ನು ಔಷಧಿಯೆಂದು ಭಾವಿಸಿದರೆ ನಿರಾಶೆಯಾಗುತ್ತದೆ. ಹೆಪ್ಪು ಹಾಕುವಾಗ ಹಾಲಿನ ಹದ, ಕಾವು, ಪಾತ್ರೆಯ ಚೊಕ್ಕಟತನ ನೋಡುವ ಹಾಗೆ ಇದನ್ನೂ ನೋಡಬೇಕು.

ತಂದೆಯವರಿಗೆ ಹೇಳಲು ಒಂದು ಹಳೆಯ ಕಥೆಯೂ ಇದೆ. ಇದು ಹೊಸ ಫ್ಯಾಷನ್ ಅಲ್ಲ. 1879ರಲ್ಲಿ ಒಡೆಸ್ಸಾದಲ್ಲಿ ಎಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ಗೋಧಿಯನ್ನು ಹಾಳುಮಾಡುತ್ತಿದ್ದ ಅನಿಸೋಪ್ಲಿಯಾ ಎಂಬ ದುಂಬಿಯ ಮೇಲೆ ಈ ಹಸಿರು ಶಿಲೀಂಧ್ರವನ್ನು ಕಂಡು, ಇದರಿಂದಲೇ ದುಂಬಿಯನ್ನು ಹತೋಟಿಗೆ ತರಬಹುದೆಂದು ಯೋಚಿಸಿದರು. ಮೆಟಾರೈಜಿಯಮ್ ಅನಿಸೋಪ್ಲಿಯೆ ಎಂಬ ಹೆಸರು ಬಂದದ್ದು ಆ ದುಂಬಿಯಿಂದ, ಅದು ನಮ್ಮ ಬೇರುಹುಳದ ದುಂಬಿಯ ಬಳಗದ್ದೇ. ಅದಕ್ಕೂ ಮೊದಲು, 1835ರಲ್ಲಿ, ಇಟಲಿಯ ಅಗೋಸ್ಟಿನೋ ಬಾಸ್ಸಿ ರೇಷ್ಮೆಹುಳದ ಒಂದು ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ತೋರಿಸಿದರು. ನಮ್ಮ ರೇಷ್ಮೆ ಬೆಳೆಗಾರರು ಅದನ್ನೇ ಸುಣ್ಣಕಟ್ಟು ರೋಗ ಎನ್ನುತ್ತಾರೆ. ಅಲ್ಲಿ ಶತ್ರುವಾದ ಅದೇ ಬ್ಯೂವೇರಿಯಾವನ್ನು ನಾವಿಲ್ಲಿ ಪೊಟ್ಟಣದಲ್ಲಿ ಕೊಳ್ಳುತ್ತೇವೆ. ಹಾಗಾಗಿ ಹತ್ತಿರದಲ್ಲಿ ರೇಷ್ಮೆಹುಳ ಸಾಕುವ ಮನೆಗಳಿದ್ದರೆ ಬ್ಯೂವೇರಿಯಾ ಸಿಂಪಡಿಸಲೇಬಾರದು.

ತುಂಗೆಯ ತಡಿ

ಎಲ್ಲರೂ ಇಷ್ಟು ಹೊಗಳುತ್ತಿರುವಾಗ ಒಂದೆರಡು ಕಹಿ ಮಾತು ಹೇಳುವುದು ನನ್ನ ಪಾಲಿಗೆ ಬಂದಿದೆ. ಮೊದಲನೆಯದಾಗಿ, ಮರ ಹಳದಿಯಾದ ಮಾತ್ರಕ್ಕೆ ಬೇರುಹುಳ ಎನ್ನಲಾಗದು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಹಳದಿ ಎಲೆ ರೋಗದಿಂದ ತೋಟಗಳೇ ಬರಿದಾಗಿವೆ. ಅದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನ ರೋಗ, ಬುಡಕ್ಕೆ ಯಾವ ಪುಡಿ ಸುರಿದರೂ ಗುಣವಾಗುವುದಿಲ್ಲ. ನೀವು ಹೇಳಿದಂತೆ ಮರ ಅಲ್ಲಾಡುವುದು ಮತ್ತು ಬುಡದಲ್ಲಿ ಕತ್ತರಿಸಿದ ಬೇರುಗಳು ಸಿಗುವುದು, ಇವೆರಡೂ ಇದ್ದರೆ ಮಾತ್ರ ಬೇರುಹುಳವೆಂದು ನಂಬಬಹುದು. ಗೊಬ್ಬರಗುಂಡಿಯಲ್ಲಿ ಸಿಗುವ ದಪ್ಪ ಹುಳ ಬೇರೆ. ಅದು ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ, ಅಡಿಕೆಯ ಬೇರನ್ನು ಅದು ಮುಟ್ಟುವುದಿಲ್ಲ.

ಎರಡನೆಯದು ಪುಡಿಯ ಗುಣಮಟ್ಟ. ಪೊಟ್ಟಣದ ಮೇಲೆ ಗ್ರಾಂಗೆ ಕನಿಷ್ಠ ಹತ್ತು ಕೋಟಿ ಜೀವಂತ ಕಣಗಳಿವೆ ಎಂದು ನಮೂದಿಸಿರಬೇಕು, ನೋಂದಣಿ ಸಂಖ್ಯೆ, ತಯಾರಿಯ ದಿನಾಂಕ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಎಲ್ಲವೂ ಅಚ್ಚಾಗಿದ್ದರೂ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಗಡಿನ ಮಾಡಿನ ಅಂಗಡಿಯಲ್ಲಿ ಬೇಯುತ್ತ ಕುಳಿತ ಪೊಟ್ಟಣದೊಳಗೆ ಜೀವವೆಷ್ಟು ಉಳಿದಿರುತ್ತದೆ? ನಾನು ಒಮ್ಮೆ ಕೊಂಡದ್ದು ಹೆಚ್ಚುಕಡಿಮೆ ಬರೀ ಟಾಲ್ಕಂ ಪುಡಿಯಾಗಿತ್ತು. ಅಂದಿನಿಂದ ಮನೆಯಲ್ಲೇ ಪರೀಕ್ಷಿಸುತ್ತೇನೆ. ತೋಟದಿಂದ ಹತ್ತಿಪ್ಪತ್ತು ಹುಳ ಆರಿಸಿ ಎರಡು ಡಬ್ಬಿಗಳಲ್ಲಿ ಹಸಿಗೊಬ್ಬರದ ಜೊತೆ ಹಾಕಿ, ಒಂದಕ್ಕೆ ಮಾತ್ರ ಪುಡಿ ಬೆರೆಸಿ, ಮುಚ್ಚಳಕ್ಕೆ ತೂತು ಮಾಡಿ ನೆರಳಿನಲ್ಲಿ ಮೂರು ವಾರ ಇಡಬೇಕು. ಸತ್ತ ಹುಳವನ್ನು ಒದ್ದೆ ಹತ್ತಿಯ ಮೇಲಿಟ್ಟಾಗ ಹಸಿರು ಬಂದರೆ ಪುಡಿ ಬದುಕಿದೆ ಎಂದರ್ಥ. ಎರಡೂ ಡಬ್ಬಿಗಳ ಹುಳ ಒಂದೇ ಸಮನೆ ಬದುಕಿದ್ದರೆ ಅಂಗಡಿಯವರಿಗೆ ಡಬ್ಬಿ ತೋರಿಸಿ.

ಮೂರನೆಯದು, ಶರಾವತಿಯವರ ತಂದೆ ಕೇಳಿದ ಪ್ರಶ್ನೆ. ಅದನ್ನು ಯಾರೂ ಇಲ್ಲಿ ನೇರವಾಗಿ ಎದುರಿಸಲಿಲ್ಲ. ಮೈಲುತುತ್ತ ಶಿಲೀಂಧ್ರವನ್ನು ಕೊಲ್ಲುತ್ತದೆ, ಅಡಿಕೆಗೊನೆಗೆ ಹೊಡೆದದ್ದು ಮಳೆಯಲ್ಲಿ ತೊಳೆದು ಬುಡಕ್ಕೇ ಇಳಿಯುತ್ತದೆ. ಈಗ ಎಲೆಚುಕ್ಕೆ ರೋಗಕ್ಕೆಂದು ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕವನ್ನು ಬೇರೆ ಹೊಡೆಸುತ್ತಿದ್ದೇವೆ. ಹಾಗಿರುವಾಗ ಬುಡದಲ್ಲಿ ಹಾಕಿದ ಶಿಲೀಂಧ್ರ ಉಳಿಯುವುದಾದರೂ ಹೇಗೆ?

ಕೀಟಶಾಸ್ತ್ರ ಓದಿದವಳು

ತುಂಗೆಯವರ ಪ್ರಶ್ನೆಯೇ ಈ ಚರ್ಚೆಯ ತಿರುಳು ಎಂದು ನನಗನ್ನಿಸುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ತಾಮ್ರದ ಶಿಲೀಂಧ್ರನಾಶಕಗಳು ಮೆಟಾರೈಜಿಯಮ್ ಮತ್ತು ಬ್ಯೂವೇರಿಯಾ ಎರಡರ ಬೆಳವಣಿಗೆಯನ್ನೂ ಕುಂಠಿತಗೊಳಿಸುತ್ತವೆ. ಪ್ರೊಪಿಕೊನಜೋಲ್, ಟೆಬುಕೊನಜೋಲ್ ಮುಂತಾದವು ಇನ್ನೂ ಕಠಿಣ. ಆದ್ದರಿಂದ ಒಂದೇ ಡ್ರಮ್ಮಿನಲ್ಲಿ ಬೆರೆಸುವುದಂತೂ ಸರ್ವಥಾ ಕೂಡದು, ಮೈಲುತುತ್ತ ಕರಗಿಸಿದ ಡ್ರಮ್ಮನ್ನು ಚೆನ್ನಾಗಿ ತೊಳೆಯದೆ ಬಳಸುವುದೂ ತಪ್ಪು. ಮಣ್ಣಿನಲ್ಲಿ ಮಾತ್ರ ಪರಿಸ್ಥಿತಿ ಇಷ್ಟು ಕಠೋರವಲ್ಲ. ಸೊಪ್ಪು, ಗೊಬ್ಬರ ತುಂಬಿದ ಮಣ್ಣು ತಾಮ್ರವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಅದರ ತೀಕ್ಷ್ಣತೆ ತಗ್ಗುತ್ತದೆ. ಬರಿಮಣ್ಣಿನ ತೋಟಕ್ಕಿಂತ ಸೊಪ್ಪು ಹೊದಿಸಿದ ತೋಟದಲ್ಲಿ ಶಿಲೀಂಧ್ರ ಬದುಕುವ ಸಂಭವ ಹೆಚ್ಚು.

ಇನ್ನು ದಿನಗಳ ಲೆಕ್ಕ ಹಾಕೋಣ. ಬೋರ್ಡೋ ದ್ರಾವಣದ, ಅಂದರೆ ಅದೇ ಮೈಲುತುತ್ತ ಮತ್ತು ಸುಣ್ಣದ ದ್ರಾವಣದ, ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು ಅದಾಗಿ 40ರಿಂದ 45 ದಿನಕ್ಕೆ. ಮೊದಲನೆಯದು ಮೇ ಕೊನೆಗೆ ಮುಗಿದರೆ ಎರಡನೆಯದು ಜುಲೈ ಮಧ್ಯಕ್ಕೆ ಬರುತ್ತದೆ. ಇವೆರಡರ ನಡುವಿನ ಜೂನ್ ಕೊನೆಯ ವಾರವೇ ಎಳೆಯ ಬೇರುಹುಳ ಮೇಲ್ಮಣ್ಣಿನಲ್ಲಿರುವ ಕಾಲ. ಗೊಬ್ಬರವನ್ನು ಮಣ್ಣಿನೊಳಗೆ ಸೇರಿಸಿ ಸೊಪ್ಪು ಮುಚ್ಚಿದರೆ ಎರಡನೆಯ ಸಿಂಪಡಣೆಯ ಹನಿ ನೇರವಾಗಿ ಅದರ ಮೇಲೆ ಬೀಳುವುದಿಲ್ಲ.

ವರದಾ ತೀರ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದವರಲ್ಲಿ ಮೊದಲಿಗರು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅವರ ಕೊಳೆರೋಗದ ಅಧ್ಯಯನ 1910ರಷ್ಟು ಹಿಂದಿನದು. ಅದನ್ನು ಬಿಟ್ಟು ಮಲೆನಾಡಿನಲ್ಲಿ ಅಡಿಕೆಯಿಲ್ಲ, ಆದ್ದರಿಂದ ಶಿಲೀಂಧ್ರವನ್ನೇ ಅದರ ನಡುವೆ ತೂರಿಸಬೇಕು. ನಾನು ಆರ್ದ್ರಾ ಮಳೆಯನ್ನು ಆರಿಸಿಕೊಂಡದ್ದು ಇಷ್ಟೆಲ್ಲ ಲೆಕ್ಕ ಹಾಕಿ ಅಲ್ಲ, ಕೆಲಸದವರು ಸಿಗುವ ಬಿಡುವು ಅದೇ ಎಂಬ ಕಾರಣಕ್ಕೆ. ಹಾಗೆಯೇ ಒಂದು ಕಿವಿಮಾತು: ಕಾಳುಮೆಣಸಿನ ಸೊರಗುರೋಗಕ್ಕೆಂದು ತಂದ ಟ್ರೈಕೋಡರ್ಮಾ ಎಂಬ ಶಿಲೀಂಧ್ರವನ್ನೂ ಇದೇ ಗೊಬ್ಬರದ ರಾಶಿಗೆ ಬೆರೆಸಬೇಡಿ. ಅದು ಬಹಳ ಬೇಗ ಹಬ್ಬುವ ಜಾತಿ, ಮೆಟಾರೈಜಿಯಮ್ ಅದರ ಕೆಳಗೆ ಅಡಗಿಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ರಾಶಿ ಮಾಡಿ.

ಕುಮುದ್ವತಿ

ನಾನು ಶಿಕಾರಿಪುರದ ಮೆಕ್ಕೆಜೋಳದವನು, ಅಡಿಕೆಯ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ನನಗಿಲ್ಲ. ಆದರೆ ಈ ಶಿಲೀಂಧ್ರ ಕಣ್ಣೆದುರಿಗೇ ಕೆಲಸ ಮಾಡುವುದನ್ನು ನೋಡಬೇಕೆಂದರೆ ಜೋಳದ ಹೊಲಕ್ಕೆ ಬರಬೇಕು. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಮೊದಲೆರಡು ವರ್ಷ ಸುಳಿಯೊಳಗೆ ಕುಳಿತ ಹುಳಕ್ಕೆ ಸಿಕ್ಕಸಿಕ್ಕ ವಿಷವೆಲ್ಲ ಹೊಡೆದೆವು. ಆಗಸ್ಟ್‌ನಲ್ಲಿ ವಾರಗಟ್ಟಲೆ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದ ಒಂದು ವರ್ಷ, ಸಿಂಪಡಿಸಲು ಬಿಡುವೇ ಸಿಗದೆ ಹೊಲ ಬಿಟ್ಟಿದ್ದಾಗ, ಎಲೆಯ ಮೇಲೆ ಬಿಳಿ ಸುಣ್ಣದ ಕಡ್ಡಿಯಂತೆ ಸೆಟೆದು ಸತ್ತ ಹುಳುಗಳು ಕಂಡವು. ನಾಲ್ಕೈದು ದಿನಕ್ಕೆ ಅವು ತಿಳಿಹಸಿರಾದವು. ಅದು ಹಿಂದೆ ನೊಮುರಿಯಾ ರಿಲೆಯಿ ಎಂದು ಕರೆಯುತ್ತಿದ್ದ, ಈಗ ಮೆಟಾರೈಜಿಯಮ್ ಕುಲಕ್ಕೇ ಸೇರಿಸಿರುವ ಶಿಲೀಂಧ್ರವೆಂದು ಆಮೇಲೆ ತಿಳಿಯಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಅದರ ಮೇಲೆ ಬಹುಕಾಲದಿಂದ ಕೆಲಸ ಮಾಡಿದ್ದಾರೆ. ಅಂತಹ ಸತ್ತ ಹುಳುಗಳು ಕಂಡ ಹೊಲಕ್ಕೆ ನಾನೀಗ ವಿಷ ಹೊಡೆಯುವುದಿಲ್ಲ, ಹತ್ತು ದಿನ ಕಾಯುತ್ತೇನೆ. ಬಿಸಿಲು ಬಿದ್ದು ಹೊಲ ಒಣಗಿದರೆ ಮಾತ್ರ ಅದರ ಆಟ ನಿಲ್ಲುತ್ತದೆ. ಪುಡಿ ಸಿಂಪಡಿಸುವುದಾದರೂ ಸಂಜೆಯೇ, ಅದೂ ಸುಳಿಗೆ ಇಳಿಯುವಂತೆ. ಹಗಲಿನ ಬಿಸಿಲಿಗೆ ಬೀಜಕಣ ಸಾಯುತ್ತದೆ.

ಭದ್ರಾ ಎಸ್ಟೇಟು

ಬಾಳೆಹೊನ್ನೂರು ಕಡೆಯ ಕಾಫಿ ತೋಟದಿಂದ ಎರಡೇ ಮಾತು. ಕಾಯಿಕೊರಕಕ್ಕೆ ಬ್ಯೂವೇರಿಯಾ ಹೊಡೆಯುವುದಾದರೆ ಹೆಣ್ಣುಹುಳ ಕಾಯಿಯ ತುದಿಯಲ್ಲಿ ತೂತು ಕೊರೆಯುತ್ತಿರುವಾಗಲೇ ಹೊಡೆಯಬೇಕು. ಒಳಗೆ ಸೇರಿ ಮೊಟ್ಟೆಯಿಟ್ಟ ಮೇಲೆ ಹೊಡೆದದ್ದು ಕಾಯಿಯ ಸಿಪ್ಪೆಗಷ್ಟೇ. ಬಿದ್ದ ಕಾಯಿ ಆರಿಸುವುದನ್ನೂ ಗಿಡದಲ್ಲಿ ಉಳಿದ ಕಾಯಿ ಕೊಯ್ಯುವುದನ್ನೂ ಬಿಟ್ಟು ಇದೊಂದನ್ನೇ ನಂಬಿದವರು ಪೆಟ್ಟು ತಿಂದಿದ್ದಾರೆ. ಹಸಿರು ಶಲ್ಕಕೀಟದ ವಿಷಯ ಬೇರೆ. ಮಳೆಗಾಲದಲ್ಲಿ ಎಲೆಯಡಿಯ ಶಲ್ಕಕೀಟಗಳ ಸುತ್ತ ಬಿಳಿಯ ಬಳೆಯಂತೆ ಬೂಷ್ಟು ಬಂದದ್ದು ಕಂಡರೆ ಅದು ಲೆಕಾನಿಸಿಲಿಯಮ್ ಎಂಬ ಶಿಲೀಂಧ್ರ, ಪ್ರಕೃತಿಯೇ ಬಿಟ್ಟಿಯಾಗಿ ಮಾಡಿಕೊಟ್ಟ ಕೆಲಸ.

ದಂಡಾವತಿ

ನಮ್ಮ ಸ್ತ್ರೀಶಕ್ತಿ ಗುಂಪಿನಲ್ಲಿ ಅಕ್ಕಿನುಚ್ಚಿನ ಮೇಲೆ ಇದನ್ನು ಬೆಳೆಸಲು ನೋಡಿದ್ದೆವು. ನುಚ್ಚನ್ನು ಅರೆಬೇಯಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಹತ್ತಿಯ ಬಿರಡೆ ಹಾಕಿ, ಕುಕ್ಕರಿನಲ್ಲಿ ಹಬೆಯೇರಿಸಿ, ಆರಿದ ಮೇಲೆ ಮೂಲ ಶಿಲೀಂಧ್ರವನ್ನು ಸೇರಿಸಿ ಎರಡು ವಾರ ಇಟ್ಟೆವು. ಅರ್ಧಕ್ಕರ್ಧ ಚೀಲಗಳಲ್ಲಿ ಕಪ್ಪು, ಹಳದಿ ಬೂಷ್ಟುಗಳು ಬಂದವು. ಹಸಿರು ಬಂದವುಗಳಲ್ಲೂ ಮೆಟಾರೈಜಿಯಮ್ ಯಾವುದು, ಬೇರೆ ಯಾವುದೋ ಹಸಿರು ಬೂಷ್ಟು ಯಾವುದು ಎಂದು ಬರಿಗಣ್ಣಿಗೆ ತಿಳಿಯಲಿಲ್ಲ. ಮನೆಯಲ್ಲಿ ಮಾಡುವುದು ಸರಿಯೇ? ಪೆಟ್ಟಿಗೆಯಲ್ಲಿ ಸಾಕಿರುವ ತುಡುವೆ ಜೇನಿಗೆ ಇದರಿಂದ ಅಪಾಯವಿದೆಯೇ?

ಕೀಟಶಾಸ್ತ್ರ ಓದಿದವಳು

ಅಕ್ಕ, ಆ ಚೀಲಗಳನ್ನು ಬಿಚ್ಚದೆ ಮಣ್ಣಿನಲ್ಲಿ ಆಳವಾಗಿ ಹೂತುಬಿಡಿ. ಬೇಯಿಸಿದ ಧಾನ್ಯದ ಮೇಲೆ ಬರುವ ಹಳದಿಮಿಶ್ರಿತ ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ವಿಷ ಉಂಟುಮಾಡುವ ಆಸ್ಪರ್ಜಿಲಸ್ ಆಗಿರಬಹುದು, ಅದರ ಪುಡಿಯನ್ನು ಉಸಿರಾಡುವುದೂ ಒಳ್ಳೆಯದಲ್ಲ. ಅಡುಗೆಮನೆಯ ಗಾಳಿಯಲ್ಲಿ ಶುದ್ಧ ಬೆಳೆ ತೆಗೆಯುವುದು ಕಷ್ಟ. ಮೂಲ ಶಿಲೀಂಧ್ರವನ್ನು ಕೃಷಿ ವಿಶ್ವವಿದ್ಯಾಲಯದಿಂದ ಪಡೆದು, ಗಾಳಿಯಾಡದ ಪೆಟ್ಟಿಗೆಯೊಳಗೆ ಕೈಹಾಕಿ ಮಾಡುವ ತರಬೇತಿ ಪಡೆದ ಮೇಲೆ ನೋಡಬಹುದು. ಅಂಗಡಿಯ ಪುಡಿ ಬೆರೆಸುವಾಗಲೂ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಕೆಲವರಿಗೆ ಅಲರ್ಜಿಯಾಗುತ್ತದೆ. ಜೇನುಗೂಡಿನ ಮರಿಕೋಣೆಯ ಕಾವು ಸುಮಾರು 34, 35 ಡಿಗ್ರಿ ಇರುವುದರಿಂದ ಅಲ್ಲಿ ಈ ಶಿಲೀಂಧ್ರಗಳು ಸುಲಭವಾಗಿ ಬೆಳೆಯುವುದಿಲ್ಲ. ಆದರೂ ಹೂವಿನ ಮೇಲೆ ಹಗಲಿನಲ್ಲಿ ಸಿಂಪಡಿಸಬೇಡಿ. ಬುಡಕ್ಕೆ ಗೊಬ್ಬರದೊಡನೆ ಹಾಕುವುದರಿಂದ ತುಡುವೆಗೆ ತೊಂದರೆಯಿಲ್ಲ.

ಶರಾವತಿ ಸೀಮೆ (ಸೆಪ್ಟೆಂಬರ್ 14)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮೇ ಕೊನೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ನಾಲ್ಕು ಸಂಜೆ ದುಂಬಿ ಹಿಡಿದೆವು. ತುಂಗೆಯವರು ಹೇಳಿದ ಡಬ್ಬಿಯ ಪರೀಕ್ಷೆಯಲ್ಲಿ, ಗೂಡಿನಲ್ಲಿ ಉಳಿದಿದ್ದ ಹೋದ ವರ್ಷದ ಪುಡಿಯಿಂದ ಒಂದು ಹುಳವೂ ಸಾಯಲಿಲ್ಲ. ಹೊಸದಾಗಿ ತರಿಸಿದ ಪುಡಿಯನ್ನು ಗೊಬ್ಬರದಲ್ಲಿ ಹದಿನೈದು ದಿನ ಇಟ್ಟು, ಜೂನ್ 27ರಿಂದ ಮೂರು ದಿನ ನೂರ ಐವತ್ತು ಮರಗಳಿಗೆ ಹಾಕಿ, ಉಳಿದವನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟೆವು.

ಮೊನ್ನೆ ಹಾಕಿದ ಹತ್ತು ಮರ, ಹಾಕದ ಹತ್ತು ಮರ ಬಿಡಿಸಿ ನೋಡಿದೆವು. ಹಾಕದ ಮರಗಳಲ್ಲಿ ಬುಡಕ್ಕೆ ನಾಲ್ಕೈದು ಹುಳ ಸಿಕ್ಕರೆ, ಹಾಕಿದವುಗಳಲ್ಲಿ ಒಂದೋ ಎರಡೋ ಸಿಕ್ಕವು. ಮೂರು ಬುಡಗಳಲ್ಲಿ ಹಸಿರು ಪುಡಿ ಹಿಡಿದು ಗಟ್ಟಿಯಾದ ಹುಳುಗಳೇ ಕಂಡವು. ಆದರೆ ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತಿದ್ದ ಕೆಳಗಿನ ಸಾಲಿನಲ್ಲಿ ಗೊಬ್ಬರ ಹಾಕಿದ್ದರೂ ಹುಳ ಕಡಿಮೆಯಾಗಿಲ್ಲ, ಹಸಿರಾದದ್ದು ಒಂದೂ ಇಲ್ಲ. ಅಲ್ಲಿ ಈಗ ಮತ್ತೊಮ್ಮೆ ಹಾಕಿದರೆ ಪ್ರಯೋಜನವಾದೀತೇ? ಹಸಿರಾದ ಹುಳುಗಳನ್ನು ಏನು ಮಾಡಬೇಕು? ತಂದೆಯವರು ಅವನ್ನು ಹಾಳೆಯ ತುಂಡಿನಲ್ಲಿ ಹಾಕಿ ಜಗುಲಿಯ ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ, ಎಸೆಯಲು ಬಿಡುತ್ತಿಲ್ಲ.

ವರದಾ ತೀರ

ಎಸೆಯದಿದ್ದದ್ದೇ ಒಳ್ಳೆಯದಾಯಿತು. ಒಂದೊಂದು ಹಸಿರು ಹುಳದ ಮೈಮೇಲೆ ಕೋಟಿಗಟ್ಟಲೆ ಬೀಜಕಣಗಳಿರುತ್ತವೆ, ನಿಮ್ಮ ತೋಟದ ಹವೆಗೆ ಒಗ್ಗಿದ ಕಣಗಳು. ಅವನ್ನು ಪುಡಿಮಾಡಿ ಒಂದು ಬುಟ್ಟಿ ಹಳೆಗೊಬ್ಬರಕ್ಕೆ ಬೆರೆಸಿ, ಈ ಸಲ ಬಿಟ್ಟಿದ್ದ ಮರಗಳ ಬುಡದಲ್ಲಿ ಸೊಪ್ಪಿನ ಕೆಳಗೆ ಸೇರಿಸಿರಿ. ಕೆಳಗಿನ ಸಾಲಿಗೆ ಈಗ ಹಾಕಬೇಡಿ, ದುಡ್ಡು ದಂಡ. ಶಿಲೀಂಧ್ರಕ್ಕೂ ಉಸಿರಾಡಲು ಗಾಳಿ ಬೇಕು, ನೀರು ನಿಂತ ಮಣ್ಣಿನಲ್ಲಿ ಅದು ಬೆಳೆಯದು, ಅಲ್ಲಿ ಅಡಿಕೆಯ ಬೇರೂ ಸುಖವಾಗಿರುವುದಿಲ್ಲ. ಬೇಸಿಗೆಯಲ್ಲಿ ಬಸಿಗಾಲುವೆಯನ್ನು ಎರಡು ಅಡಿ ಆಳಕ್ಕೆ ಬಿಡಿಸಿ, ಬರುವ ಆರ್ದ್ರಾ ಮಳೆಗೆ ಆ ಸಾಲಿನಿಂದಲೇ ಶುರುಮಾಡಿರಿ.

ತುಂಗೆಯ ತಡಿ

ಹೊಸ ಪುಡಿಯ ಪೊಟ್ಟಣದ ಮೇಲಿನ ತಯಾರಿಯ ದಿನಾಂಕ ಯಾವುದೆಂದು ದಯವಿಟ್ಟು ತಿಳಿಸಿ. ತಯಾರಾಗಿ ಎಷ್ಟು ದಿನದೊಳಗೆ ಬಳಸಿದಿರಿ ಎಂಬುದು ತಿಳಿದರೆ ನಾನೂ ಮುಂದಿನ ಜೂನ್‌ಗೆ ಹಾಗೆಯೇ ಲೆಕ್ಕ ಹಾಕಿ ತರಿಸುತ್ತೇನೆ.

ಶರಾವತಿ ಸೀಮೆ

ಮೇ 2ರಂದು ತಯಾರಾದದ್ದು. ಮನೆಗೆ ಬಂದದ್ದು ಜೂನ್ 8ಕ್ಕೆ. ಗೊಬ್ಬರಕ್ಕೆ ಬೆರೆಸುವವರೆಗೆ ನೀರಿನ ಹಂಡೆಯ ಪಕ್ಕದ ತಂಪು ಗೂಡಿನಲ್ಲಿ ಇಟ್ಟಿದ್ದೆವು.